ಒಂದು ಗೇಣು

ನನ್ನ ಮೈದುನ ಕ್ರೇನಿನ ಮೇಲೆ ಕೂತು ಕೈ ಆಡಿಸುತ್ತಾನೆ, ನಾನು ನೆಲದ ಮೇಲೆ ನಿಂತು ಬಾಯಿ ಆಡಿಸುತ್ತೇನೆ. ನಮ್ಮಿಬ್ಬರಿಗೂ ಸಂಬಳ ಬರುವುದು ಇದಕ್ಕೇ. ಹದಿನೆಂಟು ಮಹಡಿಯಷ್ಟು ಎತ್ತರದ ಗಾಜಿನ ಗೂಡಿನಲ್ಲಿ ಅವನೊಬ್ಬನೇ ಇರುತ್ತಾನೆ. ಭಾರ ಎತ್ತುವ ಅಂಗಳ ಅವನಿಗೆ ಕಾಣುವುದಿಲ್ಲ, ನಾವು ಕಟ್ಟುತ್ತಿರುವ ಕಟ್ಟಡವೇ ಅಡ್ಡ ಬರುತ್ತದೆ. ಹಾಗಾಗಿ ವಾಕಿ-ಟಾಕಿಯಲ್ಲಿ ಕೇಳುವ ನನ್ನ ದನಿಯೇ ಅವನ ಕಣ್ಣು. ನಾನು ‘ಬಲಕ್ಕೆ’ ಅಂದರೆ ಅವನೂ ‘ಬಲಕ್ಕೆ’ ಅಂದು, ಆಮೇಲೆ ತಿರುಗಿಸುತ್ತಾನೆ. ‘ಮನೇಲೂ ಅತ್ತಿಗೆ ಹೇಳಿದ ಹಾಗೆ, ಇಲ್ಲೂ ಅತ್ತಿಗೆ ಹೇಳಿದ ಹಾಗೆ, ಪಾಪ ಅವನಿಗೆ ಮದುವೆ ಯಾಕೆ’ ಎಂದು ಕೆಲಸದವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ಮದುವೆಯಾಗಿ ಬಂದಾಗ ಅವನಿಗೆ ಹನ್ನೊಂದು ವರ್ಷ. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ಮನೆಯಲ್ಲಿ ಅತ್ತೆ, ನಾನು, ಇವನು. ಇವನಿಗೆ ಸೈಕಲ್ ಕಲಿಸಿದವಳು ನಾನು, ಬಿದ್ದಾಗ ಬೈದವಳೂ ನಾನೇ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮುಚ್ಚಿಡುವುದೇನೂ ಇಲ್ಲ. ಆ ಬಾಯಿಯಿಂದಲೇ ಈ ಕೆಲಸ ಸಿಕ್ಕಿದ್ದು. ಮೊದಲು ಗೇಟಿನಲ್ಲಿ ಕೂತು ಹಾಜರಿ ಬರೆಯುತ್ತಿದ್ದೆ. ಸಿಗ್ನಲ್ ಕೊಡುವವರ ಪರೀಕ್ಷೆ ಬರೆದು, ಪಾಸಾಗಿ, ಎರಡು ವರ್ಷ ಬಾಗಿಲು ಬಾಗಿಲು ತಟ್ಟಿದ ಮೇಲೆ ವಾಕಿ-ಟಾಕಿ ಕೈಗೆ ಬಂತು. ಈ ಕಂಪನಿಯಲ್ಲಿ ಆ ಕೆಲಸ ಮಾಡುವ ಹೆಂಗಸು ನಾನೊಬ್ಬಳೇ. ‘ನೋಡೋಣ, ಎಷ್ಟು ದಿನ’ ಎಂದು ಎಂಜಿನಿಯರ್ ನನ್ನ ಮುಂದೆಯೇ ಹೇಳಿದ್ದ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ನಡೆದದ್ದಕ್ಕೆ ಅದು ನೆಪವಲ್ಲ, ಆದರೆ ಕಾರಣ ಹೌದು.

ಇಪ್ಪತ್ತೆರಡು ದಿನದ ಹಿಂದೆ ಕಬ್ಬಿಣದ ಕಂಬಿಗಳ ಕಟ್ಟೊಂದು ಮೇಲಿಂದ ಬಿತ್ತು. ಮೂರನೇ ಮಹಡಿಯ ಎತ್ತರದಲ್ಲಿ, ಭಾರ ಕಟ್ಟುವ ಬೆಲ್ಟಿನಿಂದ ಜಾರಿ, ಕಂಬಿ ಕಟ್ಟುವವನೊಬ್ಬ ನಿಂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ ನೆಲಕ್ಕೆ ಬಡಿಯಿತು. ಅವನಿಗೆ ಗೀರು ಕೂಡ ಆಗಲಿಲ್ಲ. ಆದರೆ ಆ ಸದ್ದು ಕೇಳಿದವರು ಅವತ್ತು ಯಾರೂ ಊಟ ಮಾಡಲಿಲ್ಲ. ಕಂಪನಿಯಿಂದ ಮೂರು ಜನ ಬಂದು ವಿಚಾರಣೆ ಮಾಡಿದರು, ಬೆಲ್ಟು ಹಳೆಯದಾಗಿತ್ತು ಎಂದು ಬರೆದುಕೊಂಡು ಹೋದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ನಾನು ಹಾಗೆ ಉಸಿರು ಬಿಟ್ಟೆ.

ಯಾಕೆಂದರೆ ಬೆಲ್ಟು ಹಳೆಯದಾಗಿರಲಿಲ್ಲ. ತಪ್ಪು ನನ್ನದು.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಯಾವ ಭಾರವನ್ನೂ ಒಂದೇ ಸಲಕ್ಕೆ ಎತ್ತುವುದಿಲ್ಲ. ಮೊದಲು ‘ಒಂದು ಗೇಣು’ ಅನ್ನಬೇಕು. ಮೇಲಿರುವವನು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸುತ್ತಾನೆ. ನಾನು ಸುತ್ತ ಒಂದು ಸುತ್ತು ಬಂದು, ಎರಡೂ ಬೆಲ್ಟು ಬಿಗಿಯಾಗಿವೆಯಾ, ಭಾರ ವಾಲುತ್ತಿದೆಯಾ ಎಂದು ನೋಡಬೇಕು. ಆಮೇಲೆಯೇ ‘ಎತ್ತು’. ಭಾರ ಕಟ್ಟುವ ನಮ್ಮ ಕೊಕ್ಕೆ ತಾತ ಅವತ್ತು ಹಲ್ಲು ಕೀಳಿಸಲು ಹೋಗಿದ್ದ. ಅವನ ಬದಲಿಗೆ ಬಂದವನು ಹೊಸಬ, ಒಂದು ಬೆಲ್ಟನ್ನು ಸುತ್ತು ಹಾಕದೆ ಸುಮ್ಮನೆ ಕೆಳಗಿನಿಂದ ತೂರಿಸಿದ್ದ. ಒಂದು ಗೇಣು ಎತ್ತಿದ್ದರೆ ಕುರುಡನಿಗೂ ಕಾಣುತ್ತಿತ್ತು. ಅವತ್ತು ಬೆಳಗಿನಿಂದ ಎಂಜಿನಿಯರ್ ‘ಬೇಗ, ಬೇಗ’ ಎಂದು ತಲೆ ತಿನ್ನುತ್ತಿದ್ದ. ಹೊಸಬ ಕೈ ಎತ್ತಿ ಆಯ್ತು ಅಂದ. ನಾನು ಗೇಣು ಬಿಟ್ಟು ನೇರವಾಗಿ ‘ಎತ್ತು’ ಅಂದೆ. ಮೇಲಿಂದ ನನ್ನ ಮೈದುನ ‘ಎತ್ತು’ ಎಂದ, ಎತ್ತಿದ. ನಾನು ಒಂದು ಮಾತು ನುಂಗಿದ್ದು ಗಡಿಬಿಡಿಯಲ್ಲಿ ಅವನ ಗಮನಕ್ಕೂ ಬರಲಿಲ್ಲ. ಬಂದಿದ್ದರೂ, ಅತ್ತಿಗೆ ನೋಡಿರುತ್ತಾರೆ ಎಂದು ಸುಮ್ಮನಿರುತ್ತಿದ್ದ.

ಮರುದಿನದಿಂದ ಅವನು ಬೇರೆಯವನಾದ. ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂರುತ್ತಾನೆ, ಉಣ್ಣುವುದಿಲ್ಲ. ಬಲಗೈಯನ್ನು ಮೇಜಿನ ಮೇಲಿಟ್ಟು ಯಾರದೋ ಕೈ ಎಂಬಂತೆ ನೋಡುತ್ತಾನೆ. ‘ಅತ್ತಿಗೆ, ಅವತ್ತು ನಾನು ಜಗ್ಗಿದ್ನಾ? ಕೈಗೆ ಜಗ್ಗಿದ ಹಾಗೆ ಆಯ್ತು’ ಎಂದು ದಿನಕ್ಕೆ ಒಂದು ಸಲವಾದರೂ ಕೇಳುತ್ತಿದ್ದ. ಭಾರ ಜಾರಿದಾಗ ಕ್ರೇನೇ ಅದುರುತ್ತದೆ, ಅದು ಕೈಗೂ ತಿಳಿಯುತ್ತದೆ; ಇದು ನನಗೆ ಗೊತ್ತು. ಅಷ್ಟನ್ನು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದಲ್ಲ. ಅದಕ್ಕೆ ‘ಮರೆತುಬಿಡೋ, ನಿನ್ನ ತಪ್ಪೇನಿಲ್ಲ’ ಎನ್ನುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವನು ಆ ಮಾತು ಎತ್ತಿದ ಕೂಡಲೇ ನನಗೆ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು, ಎದ್ದು ಹೋಗುತ್ತಿದ್ದೆ.

ಕಂಪನಿಯವರು ಸುಮ್ಮನೆ ಕೂರಲಿಲ್ಲ. ನೌಕರರ ಕ್ಷೇಮ ಎಂದು ಬುಧವಾರ ಬುಧವಾರ ತರಗತಿ ಇಟ್ಟರು. ಅದನ್ನು ನಡೆಸಲು ಬಂದಾಕೆಗೆ ಮೊದಲ ದಿನವೇ ನಮ್ಮವರು ಬಲೂನ್ ಮೇಡಂ ಎಂದು ಹೆಸರಿಟ್ಟರು. ನಿಮ್ಮ ಭಯವನ್ನೆಲ್ಲ ಬಲೂನಿಗೆ ಊದಿ, ಗುಂಡುಪಿನ್ನಿನಿಂದ ಒಡೆಯಿರಿ ಎಂದಳು. ಐವತ್ತು ಗಂಡಸರು ಹೆಲ್ಮೆಟ್ ಹಾಕಿಕೊಂಡು ಬಲೂನು ಊದುವುದನ್ನು ನೋಡಿದರೆ ಸತ್ತವರಿಗೂ ನಗು ಬರಬೇಕು. ನನ್ನ ಮೈದುನ ಮಾತ್ರ ಊದಿದ್ದನ್ನು ಒಡೆಯಲಿಲ್ಲ. ಮೆಲ್ಲಗೆ ಗಾಳಿ ಬಿಟ್ಟು, ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಒಂದು ಕಾಗದ ಕೊಟ್ಟರು. ನಿಮ್ಮ ಮೇಲೆ ನಿಮಗೆ ಎಷ್ಟು ನಂಬಿಕೆ, ಒಂದರಿಂದ ಹತ್ತರೊಳಗೆ ಗುರುತು ಹಾಕಿ. ಆರಕ್ಕಿಂತ ಕಡಿಮೆ ಹಾಕಿದವರನ್ನು ಕ್ರೇನ್ ಹತ್ತಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಹತ್ತು ಹಾಕಿದ. ಅವನ ಪಕ್ಕದಲ್ಲೇ ಕೂತಿದ್ದ ನಾನೂ ಹತ್ತು ಹಾಕಿದೆ.

ಇವತ್ತೂ ಬುಧವಾರ. ಬೆಳಗ್ಗೆ ಹನ್ನೊಂದು ಗಂಟೆ. ಎರಡು ಟನ್ನಿನ ಸಿಮೆಂಟಿನ ಮೆಟ್ಟಿಲ ತುಂಡೊಂದನ್ನು ಒಂಬತ್ತನೇ ಮಹಡಿಗೆ ಏರಿಸಬೇಕಿತ್ತು. ಒಂದು ಗೇಣು ಎತ್ತಿಸಿದೆ, ಸುತ್ತ ಬಂದು ನೋಡಿದೆ. ಈಗಂತೂ ಮೂರು ಸಲ ನೋಡುತ್ತೇನೆ. ಎತ್ತು ಅಂದೆ. ಏಳನೇ ಮಹಡಿ ದಾಟುವಾಗ ಅದು ನಿಂತಿತು.

‘ಯಾಕೋ ನಿಲ್ಲಿಸಿದೆ? ಎತ್ತು.’

ಅವನು ನನ್ನ ಮಾತನ್ನು ತಿರುಗಿ ಹೇಳಲಿಲ್ಲ.

‘ಎತ್ತು ಅಂದೆ. ಕೇಳಿಸ್ತಾ?’

‘ಅತ್ತಿಗೆ,’ ಅಂದ. ದನಿ ಒಣಗಿತ್ತು. ‘ಕೈ ಆಡ್ತಿಲ್ಲ.’

ಅಂಗಳ ಖಾಲಿ ಮಾಡಿಸಿ ಎಂದು ಕೊಕ್ಕೆ ತಾತನಿಗೆ ಕೈ ಮಾಡಿದೆ. ಅವನು ಸೀಟಿ ಊದುತ್ತಾ ಜನರನ್ನು ಗೋಡೆಯಾಚೆ ಅಟ್ಟಿದ. ಬ್ರೇಕು ಹಿಡಿದಿತ್ತು, ಮೆಟ್ಟಿಲು ತಾನಾಗಿ ಬೀಳುವುದಿಲ್ಲ. ಆದರೆ ಗಾಳಿ ಏಳುತ್ತಿತ್ತು. ಇನ್ನೂ ಜೋರಾದರೆ ಅದು ತೂಗಾಡಿ ಕಟ್ಟಡಕ್ಕೆ ಬಡಿಯುತ್ತದೆ, ಆಮೇಲೆ ಏನೇನು ಉದುರುತ್ತದೋ ಹೇಳಲಾಗುವುದಿಲ್ಲ. ಬೇರೆ ಆಪರೇಟರ್ ಇರುವುದು ಊರಿನ ಆ ತುದಿಯ ಕೆಲಸದಲ್ಲಿ. ಅವನನ್ನು ಕರೆಸಿ ಏಣಿ ಹತ್ತಿಸುವಷ್ಟರಲ್ಲಿ ಒಂದು ಗಂಟೆಯಾದರೂ ಬೇಕು.

ನನಗೆ ಗೊತ್ತಿದ್ದ ಮೊದಲ ದಾರಿ ಬೈಗುಳ. ‘ಏನೋ ಇದು ಹುಡುಗಾಟ? ಎಂಟು ವರ್ಷದಿಂದ ಮಾಡ್ತಿರೋ ಕೆಲಸ ಇವತ್ತು ಮರೆತುಹೋಯ್ತಾ? ಹಿಡಿ ಲಿವರು!’ ಮೇಲಿಂದ ಅವನು ಉಸಿರಾಡುವ ಸದ್ದಷ್ಟೇ ಬಂತು. ಆಮೇಲೆ ಮುದ್ದು ಮಾಡಿದೆ. ‘ನನ್ನಪ್ಪ ಅಲ್ವಾ, ನಿಧಾನಕ್ಕೆ ಇಳಿಸು, ಆಮೇಲೆ ಮನೆಗೆ ಹೋಗೋಣ.’ ಕೊನೆಗೆ ಅತ್ತೆಯನ್ನು ಎಳೆದು ತಂದೆ. ‘ಅಮ್ಮನ್ನ ನೆನೆಸ್ಕೋ. ಅವರಿಗೆ ನಿನ್ನ ಬಿಟ್ರೆ ಯಾರಿದ್ದಾರೆ?’ ನನ್ನ ಗಂಡ ಕಲ್ಲುಗುಂಡಿನ ಹಾಗಿದ್ದಾನೆ, ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು.

‘ಅಮ್ಮನ್ನ ನೀವು ನೋಡ್ಕೊಳ್ತೀರಿ’ ಎಂದ ಅವನು.

ಅಂಗಳ ಬಿಟ್ಟು ಕ್ರೇನಿನ ಬುಡಕ್ಕೆ ಓಡಿ, ತಲೆ ಎತ್ತಿ ನೋಡಿದೆ. ಗೂಡಿನ ಪಕ್ಕದ ಬಾಗಿಲು ತೆರೆದಿತ್ತು. ಹೊರಗಿನ ಸಣ್ಣ ಕಬ್ಬಿಣದ ಹಲಗೆಯ ಮೇಲೆ ಒಂದು ಕಾಲು, ಒಳಗೆ ಒಂದು ಕಾಲು ಇಟ್ಟು ನಿಂತಿದ್ದ. ಬೆರಳಿನಷ್ಟು ಗಾತ್ರ ಕಾಣುತ್ತಿದ್ದ, ಅಷ್ಟೆ. ಸೊಂಟದ ಹಗ್ಗ ಹಾಕಿಕೊಂಡಿದ್ದಾನೋ ಇಲ್ಲವೋ ಅಲ್ಲಿಂದ ತಿಳಿಯಲಿಲ್ಲ.

ಅಷ್ಟರಲ್ಲಿ ಎಂಜಿನಿಯರ್ ಬಂದ, ಹಿಂದೆಯೇ ಬಲೂನ್ ಮೇಡಂ. ನಮ್ಮ ವಾಕಿ-ಟಾಕಿಯಲ್ಲಿ ಆಡಿದ ಮಾತು ಇಡೀ ಕೆಲಸದ ಜಾಗಕ್ಕೆ ಕೇಳಿಸುತ್ತದೆ. ಅರವತ್ತು ಜನ ನಮ್ಮ ಮನೆಯ ಮಾತನ್ನು ಕೇಳುತ್ತಿದ್ದರು. ಎಂಜಿನಿಯರ್ ನನ್ನ ಕೈಯಿಂದ ಕಸಿದುಕೊಂಡು, ‘ನೋಡಪ್ಪ, ವಿಚಾರಣೆಯಲ್ಲೇ ಬಂದಿದೆಯಲ್ಲ, ಬೆಲ್ಟು ಹಳೇದು. ನಿನ್ನ ಮೇಲೆ ಯಾರೂ ಬೆರಳು ತೋರಿಸಿಲ್ಲ’ ಎಂದ.

‘ಸಾರ್, ಆ ಬೆಲ್ಟು ಹೊಸದು. ಅದು ಬೀಳೋ ಹಿಂದಿನ ವಾರ ತಾನೇ ಹೊಸ ಬೆಲ್ಟಿನ ಪೆಟ್ಟಿಗೇನ ಕ್ರೇನಲ್ಲಿ ಇಳಿಸಿದವನು ನಾನೇ.’ ಅವನ ದನಿ ಈಗ ನಡುಗುತ್ತಿರಲಿಲ್ಲ, ಅದೇ ಇನ್ನೂ ಭಯ ಹುಟ್ಟಿಸಿತು. ‘ಎಲ್ಲಾ ಸೇರ್ಕೊಂಡು ನನ್ನ ಉಳಿಸ್ತಿದ್ದೀರಿ. ಪಾಪ ಅಂತ. ಒಂದು ಜೀವ ಹೋಗ್ತಿತ್ತು ಸಾರ್ ನನ್ನ ಕೈಯಿಂದ. ಅದನ್ನೂ ಮುಚ್ಚಿ, ತಿರುಗಾ ಇದೇ ಕೈಗೆ ಲಿವರು ಕೊಟ್ರಿ. ಇವತ್ತು ಯಾರ ತಲೆ ಮೇಲೆ ಹಾಕ್ತೀನೋ.’

ಎಂಜಿನಿಯರನ ಮುಖ ಸುಣ್ಣದಂತಾಯಿತು. ಬೆಲ್ಟಿನ ವಿಷಯ ಅವನಿಗೂ ಗೊತ್ತಿತ್ತೆಂದು ಆಗ ತಿಳಿಯಿತು. ಯಾರ ತಪ್ಪೆಂದು ಹುಡುಕುತ್ತಾ ಕೂತರೆ ಕೆಲಸ ನಿಲ್ಲುತ್ತದೆ, ಬೆಲ್ಟಿಗಾದರೆ ಬಾಯಿಲ್ಲ. ಹಾಗೆ ಲೆಕ್ಕ ಹಾಕಿ ಬರೆಸಿದ್ದಾನೆ, ಅಷ್ಟೆ. ನನ್ನನ್ನು ಉಳಿಸಲೆಂದು ಯಾರೂ ಏನೂ ಮಾಡಿರಲಿಲ್ಲ. ಆದರೆ ಉಳಿದವಳು ನಾನು.

ಬಲೂನ್ ಮೇಡಂ ವಾಕಿ-ಟಾಕಿಗೆ ಕೈ ಚಾಚಿದಳು. ‘ನಿಮ್ಮ ಮೇಲೆ ನೀವು ನಂಬಿಕೆ ಇಡಿ, ದೀರ್ಘವಾಗಿ ಉಸಿರು ತಗೊಳ್ಳಿ’ ಎಂದು ಶುರು ಮಾಡಿದವಳು, ಮೇಲಿದ್ದವನು ಇನ್ನೊಂದು ಕಾಲನ್ನೂ ಹೊರಗಿಟ್ಟದ್ದನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. ಅವಳನ್ನು ಆಡಿಕೊಂಡು ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಗುಂಡಿಯಿಂದ ಬೆರಳು ತೆಗೆದು ನನ್ನ ಕಡೆ ತಿರುಗಿದಳು.

‘ಅಕ್ಕ, ಈ ಮಾತೆಲ್ಲ ಅವರಿಗೆ ಬೇಡ. ಅವರು ಏನೋ ಒಂದು ಕೇಳ್ತಿದ್ದಾರೆ, ನಾವ್ಯಾರೂ ಉತ್ತರ ಕೊಡ್ತಿಲ್ಲ. ಮನೇಲಿ ಏನಾದ್ರೂ ಕೇಳ್ತಿದ್ರಾ?’

ಇಪ್ಪತ್ತೆರಡು ದಿನದಿಂದ ಕೇಳುತ್ತಿದ್ದಾನೆ, ನಾನು ಒಲೆಯ ಕಡೆ ಓಡುತ್ತಿದ್ದೇನೆ.

ಅವಳ ಕೈಯಿಂದ ವಾಕಿ-ಟಾಕಿ ತೆಗೆದುಕೊಂಡೆ. ಎಂಜಿನಿಯರ್ ಒಂದು ಮಾರು ದೂರದಲ್ಲಿದ್ದಾನೆ. ಅರವತ್ತು ಜನ ಕೇಳುತ್ತಿದ್ದಾರೆ. ಈ ಕೆಲಸ ಇವತ್ತಿಗೆ ಮುಗಿಯಿತು, ಹೆಂಗಸಿಗೆ ಕೊಟ್ಟರೆ ಹೀಗೇ ಎನ್ನುತ್ತಾರೆ, ನನ್ನ ಹಿಂದೆ ಬರಬೇಕಿದ್ದವಳಿಗೂ ಬಾಗಿಲು ಮುಚ್ಚುತ್ತದೆ. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲೂ ಇದೆಲ್ಲ ತಲೆಯಲ್ಲಿ ಓಡಿತು. ಅವನು ಅಲ್ಲಿ ಎರಡೂ ಕಾಲು ಹೊರಗಿಟ್ಟು ನಿಂತಿರುವಾಗ ನನಗೆ ನನ್ನ ಕೆಲಸದ ಯೋಚನೆ ಬಂತು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯ.

‘ಕೇಳಿಲ್ಲಿ,’ ಅಂದೆ. ‘ಅವತ್ತು ನಿನ್ನ ಕೈ ಜಗ್ಗಲಿಲ್ಲ.’

‘ಸಾಕು ಅತ್ತಿಗೆ.’

‘ಸಾಕಲ್ಲ, ಪೂರ್ತಿ ಕೇಳು. ಬೆಲ್ಟು ಹೊಸದೇ. ಹೊಸಬ ಒಂದು ಕಡೆ ಸುತ್ತು ಹಾಕಿರಲಿಲ್ಲ, ಸುಮ್ನೆ ತೂರಿಸಿದ್ದ. ನಾನು ನಿಂಗೆ ಒಂದು ಗೇಣು ಅಂತ ಹೇಳ್ಲೇ ಇಲ್ಲ. ನೆನಪು ಮಾಡ್ಕೋ. ನೇರವಾಗಿ ಎತ್ತು ಅಂದೆ. ನೋಡ್ಲಿಲ್ಲ ನಾನು. ಸುತ್ತ ಬಂದು ನೋಡ್ಲೇ ಇಲ್ಲ. ಮೇಲೆ ಹೋಗಿ ಜಾರ್ತು. ಜಾರಿದ್ದಕ್ಕೆ ನಿನ್ನ ಕೈಗೆ ಜಗ್ಗಿದ ಹಾಗಾಯ್ತು. ನಿನ್ನ ಕೈಯಿಂದ ಅದು ಜಾರಲಿಲ್ಲ ಕಣೋ.’

ಗಾಳಿಯ ಸದ್ದು. ಮೆಟ್ಟಿಲ ತುಂಡು ಮೆಲ್ಲಗೆ ತಿರುಗುತ್ತಿತ್ತು. ಎಂಜಿನಿಯರ್ ನನ್ನನ್ನೇ ನೋಡುತ್ತಿದ್ದ, ಕೊಕ್ಕೆ ತಾತ ನೆಲ ನೋಡುತ್ತಿದ್ದ.

‘ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ’ ಎಂದ ಕೊನೆಗೆ.

‘ಸಮಾಧಾನಕ್ಕೆ ಹೇಳೋ ಹಾಗಿದ್ರೆ ಇಷ್ಟು ಜನರ ಮುಂದೆ ಹೇಳ್ತಿದ್ನಾ? ಆ ಹೊಸಬನ್ನೇ ಕೇಳು. ಸುತ್ತು ಹಾಕಿರಲಿಲ್ಲ ಅಂತ ಅವತ್ತು ಸಂಜೆ ನನ್ನ ಹತ್ರ ಬಂದು ಅತ್ತ. ಬಾಯಿ ಮುಚ್ಕೊಂಡಿರು ಅಂತ ನಾನೇ ಅಂದೆ.’ ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ. ಬಾಯಿ ತೆರೆದ ಮೇಲೆ ಎಲ್ಲ ಬಂತು.

ದೇವರೇ, ಇಷ್ಟು ತಡವಾಗಿ ಹೇಳಿದೆನಲ್ಲ, ಇದೇ ಮಾತು ಅವನನ್ನು ಇನ್ನೂ ಅತ್ತ ತಳ್ಳಿದರೆ ಏನು ಗತಿ ಎಂದು ಮೇಲೆ ನೋಡುತ್ತಾ ನಿಂತೆ.

‘ಇಪ್ಪತ್ತೆರಡು ದಿನ’ ಎಂದ ಅವನು. ಆಮೇಲೆ ಕಿರುಚಿದ. ‘ಇಪ್ಪತ್ತೆರಡು ದಿನ! ಪಕ್ಕದಲ್ಲೇ ಕೂತು ಬಡಿಸಿದ್ರಲ್ರೀ! ನಾನು ದಿನಾ ಕೇಳಿದೆ!’

ಹದಿನೇಳು ವರ್ಷದಲ್ಲಿ ಅವನು ನನ್ನ ಮುಂದೆ ದನಿ ಎತ್ತಿದವನಲ್ಲ. ಆ ಕಿರುಚಾಟ ಕೇಳಿ ಸುತ್ತಲಿನವರು ಬೆಚ್ಚಿದರು. ನನಗೆ ಮಾತ್ರ, ಬೈ, ಇನ್ನೂ ಬೈ ಅನ್ನಿಸಿತು. ಸಾಯಲು ನಿಂತವನಿಗೆ ಇಷ್ಟು ಸಿಟ್ಟು ಬರುವುದಿಲ್ಲ. ಅವನು ಬೈದ. ಇಲ್ಲಿ ಬರೆಯಲಾರದ ಎರಡು ಮಾತೂ ಬಂದವು. ಬೈಯುತ್ತಾ ಬೈಯುತ್ತಾ ಒಂದು ಕಾಲು ಒಳಗಿಟ್ಟ, ಆಮೇಲೆ ಇನ್ನೊಂದು. ಬಾಗಿಲು ಮುಚ್ಚಿದ್ದನ್ನು ನೋಡಿ ನಾನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ.

ಕಣ್ಣು ಒರೆಸಿಕೊಂಡು ಎದ್ದೆ. ‘ಸರಿ, ಈಗ ಇಳಿಸೋಣ. ನಾನು ಅಂಗಳಕ್ಕೆ ಹೋಗ್ತೀನಿ, ಹೇಳ್ತೀನಿ, ಮೆಲ್ಲಗೆ—’

‘ನೀವು ಬೇಡ.’

‘ಏನು?’

‘ಇಳಿಸ್ತೀನಿ. ನಿಮ್ಮ ದನಿ ಬೇಡ. ತಾತನ ಕೈಗೆ ಕೊಡಿ.’

ಕೊಟ್ಟೆ. ಕೊಕ್ಕೆ ತಾತನಿಗೆ ಮುಂದಿನ ಹಲ್ಲಿಲ್ಲ, ಮಾತು ಅರ್ಧ ಗಾಳಿ. ಅಂಗಳದ ನಡುವೆ ನಿಂತು ‘ಇಳಿಸು ಮಗಾ’ ಎಂದ. ಮೇಲಿಂದ ‘ಇಳಿಸು’ ಎಂಬ ಮಾತು ಬಂತು. ಮೆಟ್ಟಿಲ ತುಂಡು ಒಮ್ಮೆ ಅಲುಗಾಡಿ, ನೀರಿಗೆ ಬಿಟ್ಟ ಕೊಡದ ಹಾಗೆ ಸದ್ದಿಲ್ಲದೆ ಇಳಿಯುತ್ತಾ ಬಂತು. ಗಾಳಿಗೆ ತೂಗಿದಾಗ ಅವನು ತಡೆದ, ಕಾದ, ಮತ್ತೆ ಇಳಿಸಿದ. ನೆಲಕ್ಕೆ ತಾಗಿದಾಗ ಧೂಳು ಕೂಡ ಏಳಲಿಲ್ಲ. ಅಷ್ಟು ಚೆನ್ನಾಗಿ ಅವನು ಇಳಿಸಿದ್ದನ್ನು ನಾನು ಎಂಟು ವರ್ಷದಲ್ಲಿ ನೋಡಿರಲಿಲ್ಲ. ಅದರಲ್ಲಿ ನನ್ನ ಪಾಲು ಒಂದಕ್ಷರವೂ ಇರಲಿಲ್ಲ.

ಅವನು ಏಣಿ ಇಳಿದು ಬರಲು ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಎಂಜಿನಿಯರ್ ನನ್ನಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ನಾಳೆಯಿಂದ ಬರಬೇಡಿ ಎಂದ. ‘ಬೆಲ್ಟು ಹಳೇದು ಅಂತ ಬರೆಸಿದವರೂ ನಾಳೆಯಿಂದ ಬರಲ್ವಾ ಸಾರ್?’ ಎಂದು ಕೇಳಿದೆ. ಅವನು ಕಾಗದ ಮಡಚಿಕೊಂಡು ಹೋದ. ಬಲೂನ್ ಮೇಡಂ ನನ್ನ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಳು. ಅವಳು ಮಾತಾಡದೆ ಮಾಡಿದ ಪಾಠ ಅದೊಂದೇ, ನನಗೆ ಹಿಡಿಸಿದ್ದೂ ಅದೊಂದೇ.

ಏಣಿಯ ಕೊನೆಯ ಮೆಟ್ಟಿಲು ಇಳಿದು ಅವನು ಹೆಲ್ಮೆಟ್ ತೆಗೆದ. ಕೂದಲು ಬೆವರಿಗೆ ಅಂಟಿತ್ತು. ಜನ ದಾರಿ ಬಿಟ್ಟರು. ನೇರ ನನ್ನ ಮುಂದೆ ಬಂದು ನಿಂತ. ತಬ್ಬಿಕೊಳ್ಳಬೇಕು ಎಂದು ಕೈ ಎತ್ತಿದೆ, ಅವನ ಮುಖ ನೋಡಿ ಇಳಿಸಿದೆ.

‘ಒಂದೇ ಒಂದು ಕೇಳ್ತೀನಿ’ ಎಂದ. ಕಿರುಚಿ ಕಿರುಚಿ ಗಂಟಲು ಕಟ್ಟಿತ್ತು. ‘ನಾನು ಇವತ್ತು ಬಾಗಿಲು ತೆಗೀದೇ ಇದ್ದಿದ್ರೆ ಯಾವತ್ತಾದ್ರೂ ಹೇಳ್ತಿದ್ರಾ?’

ಹೇಳ್ತಿದ್ದೆ ಕಣೋ ಎನ್ನಲು ಬಾಯಿ ತೆರೆದೆ. ಎಲ್ಲರೂ ನೋಡುತ್ತಿದ್ದರು. ಅವನ ಕಣ್ಣು ಸೈಕಲ್ಲಿಂದ ಬಿದ್ದ ದಿನದ ಹಾಗೆ ನನ್ನ ಬಾಯಿಯ ಮೇಲೇ ಇತ್ತು.

‘ಇಲ್ಲ’ ಅಂದೆ. ‘ಹೇಳ್ತಿರಲಿಲ್ಲ ಅನ್ಸುತ್ತೆ.’

ಅವನು ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ. ತಾತನ ಕಡೆ ತಿರುಗಿ, ಊಟ ಆದ ಮೇಲೆ ಆ ಮೆಟ್ಟಿಲನ್ನ ಒಂಬತ್ತನೇ ಮಹಡಿಗೆ ಹಾಕಿಬಿಡೋಣ ಎಂದು ಹೇಳಿ, ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದ.